ಸಣ್ಣ ತಟ್ಟೆ ಹೊತ್ತು ಡೆವೆಂಟರಿಗೆ

ಮಗಳ ಬಾಣಂತನಕ್ಕೆ ಅಪ್ಪ ಹೋಗುವ ಪದ್ಧತಿ ನಮ್ಮ ಕಡೆ ಇಲ್ಲ. ಕೋಣೆಯ ಹೊರಗೆ ನಿಂತು ಬಿಸಿನೀರು ಕಾದಿದೆಯಾ ಎಂದು ಕೇಳುವುದಷ್ಟೇ ಗಂಡಸರ ಪಾಲಿನ ಕೆಲಸ. ಆದರೂ ಹೋದೆ. ನಿಜವಾಗಿ ಹೊರಟಿದ್ದವಳು ನನ್ನ ಹೆಂಡತಿ ಸಾವಿತ್ರಿ. ನಾನು ಅವಳ ಚೀಲ ಹೊರುವವನಾಗಿ ಜೊತೆಗಿದ್ದೆ. ವೀಸಾ ಇಬ್ಬರಿಗೂ ಬಂದಿತ್ತು. ಅಷ್ಟರಲ್ಲಿ ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಅವಳು ಕಾಲು ಮುರಿದುಕೊಂಡಳು. ಭದ್ರಾವತಿಯಿಂದ ಅವಳ ತಂಗಿ ಸುಧಾ ಬಂದು ಮನೆಗೆಲಸ ವಹಿಸಿಕೊಂಡಳು. ಅಕ್ಕತಂಗಿಯರು ಮಾತಾಡಿಕೊಂಡು ನನ್ನೊಬ್ಬನನ್ನೇ ವಿಮಾನ ಹತ್ತಿಸಿದರು.

ಅಳಿಯ ಪ್ರಶಾಂತ ನೆದರ್ಲೆಂಡ್ಸಿನ ಡೆವೆಂಟರ್ ಎಂಬ ಊರಿನ ಪಕ್ಕ, ಬೀಜದ ಕಂಪನಿಯೊಂದರ ಗಾಜಿನ ಮನೆಗಳಲ್ಲಿ ಟೊಮೆಟೊ ಸಸಿ ನೋಡಿಕೊಳ್ಳುತ್ತಾನೆ. ಮಗಳು ಚೈತ್ರಳಿಗೆ ಆಗ ಏಳು ತಿಂಗಳು ತುಂಬಿ ಎಂಟು ನಡೆಯುತ್ತಿತ್ತು. ನನ್ನ ವಿಷಯ ಹೇಳುವುದಾದರೆ, ಭದ್ರಾವತಿಯ ಕಾರ್ಖಾನೆಯಲ್ಲಿ ಲಾರಿ ತೂಗುವ ವೇಬ್ರಿಜ್ ಮೇಲೆ ಕೂತು ನಿವೃತ್ತನಾದವನು. ತುಂಬಿದ ಲಾರಿ ಬರುವುದು, ಖಾಲಿ ಲಾರಿ ಹೋಗುವುದು, ನಡುವಿನ ವ್ಯತ್ಯಾಸ ಕೂಗುವುದು ನನ್ನ ಉದ್ಯೋಗ. ಬಾಣಂತನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡೇ ಹೊರಟೆ.

ಸಾವಿತ್ರಿ ಮಂಚದ ಮೇಲೆ ಕಾಲು ಚಾಚಿಕೊಂಡೇ ನನ್ನ ಪೆಟ್ಟಿಗೆ ತುಂಬಿಸಿದಳು. ಲೇಹ್ಯದ ಡಬ್ಬಿ, ಬಜೆ ಬೇರು, ಹಳೆ ಸೀರೆ ಹರಿದ ಮೆತ್ತನೆ ಬಟ್ಟೆಗಳು. ಎಲ್ಲಕ್ಕಿಂತ ಮೇಲೆ ಒಂದು ಪುಟ್ಟ ಸ್ಟೀಲ್ ತಟ್ಟೆ. ಅದು ನನ್ನಮ್ಮನದು. ಸಾವಿತ್ರಿ ಚೈತ್ರಳನ್ನು ಹೊತ್ತಿದ್ದಾಗ ಕೊನೆಯ ತಿಂಗಳುಗಳಲ್ಲಿ ಉಂಡದ್ದು ಅದರಲ್ಲೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೀಮಂತದ ತನಕ ಬಸುರಿಗೆ ಬಯಕೆ ಎಂದು ಕರೆಕರೆದು ಉಣಿಸುತ್ತೇವೆ. ಸೀಮಂತ ಮುಗಿಯಿತೆಂದರೆ ಕಾಯ್ದೆ ಬದಲಾಗುತ್ತದೆ. ಹೊಟ್ಟೆ ತುಂಬ ಉಂಡರೆ ಕೂಸು ದಪ್ಪವಾಗುತ್ತದೆ, ದಪ್ಪವಾದರೆ ಹೆರಿಗೆ ಕಷ್ಟ, ಕಷ್ಟವಾದರೆ ಡಾಕ್ಟರು ಹೊಟ್ಟೆ ಕುಯ್ಯುತ್ತಾರೆ. ಆದ್ದರಿಂದ ತಟ್ಟೆ ಚಿಕ್ಕದಾಗಬೇಕು. ಕೂಸನ್ನು ಸಣ್ಣದಾಗಿ ಹೆತ್ತು ಆಮೇಲೆ ಸಾಕಿ ದೊಡ್ಡದು ಮಾಡಿಕೊಳ್ಳಬೇಕು. ಎಲ್ಲ ಮನೆಗಳಲ್ಲಿ ಹೀಗೆ ಎಂದು ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಹೀಗೆ.

"ಇದ್ರಲ್ಲಿ ಒಂದೇ ಸಲ ಬಡಿಸಿ. ಎರಡನೇ ಸಲ ಕೇಳಿದ್ರೆ ಮಜ್ಜಿಗೆ ಕೊಡಿ. ಅವ್ಳು ಮುಖ ಸಣ್ಣ ಮಾಡ್ತಾಳೆ, ನೀವು ಕರಗ್ತೀರಿ. ಕರಗ್ಬೇಡಿ" ಎಂದಳು ಸಾವಿತ್ರಿ.

ಕರಗುವುದಿಲ್ಲ ಎಂದು ಮಾತು ಕೊಟ್ಟೆ.

ಸ್ಕಿಪೋಲ್ ವಿಮಾನ ನಿಲ್ದಾಣ

ಇಳಿದ ಕೂಡಲೇ ಪೆಟ್ಟಿಗೆ ತೆರೆಸಿದರು. ತೆರೆಸಿದವಳು ನನಗಿಂತ ಒಂದು ಗೇಣು ಎತ್ತರದ ಹೆಂಗಸು. ಆ ದೇಶದಲ್ಲಿ ಎಲ್ಲರೂ ಹಾಗೆಯೇ. ಮಾತಾಡಿಸುವಾಗ ಕತ್ತೆತ್ತಿ ನೋಡಬೇಕು. ಲೇಹ್ಯದ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಇನ್ನೊಬ್ಬನನ್ನು ಕರೆದು ಅವನಿಗೂ ಮೂಸಿಸಿದಳು. ನಾನು ನನ್ನ ಕಾರ್ಖಾನೆ ಇಂಗ್ಲಿಷಿನಲ್ಲಿ ಇದು ತಾಯಿಗೆ, ಮಗು ಆದ ಮೇಲೆ ಎಂದೆ. ತಾಯಿ ಎಲ್ಲಿ ಎಂದು ಕೇಳಿದಳು. ತಾಯಿಗೆ ಕಾಲು ಮುರಿದಿದೆ ಎಂದೆ. ಯಾವ ತಾಯಿ, ಯಾರ ಮಗು ಎಂಬುದು ಇತ್ಯರ್ಥವಾಗುವ ಹೊತ್ತಿಗೆ ಹಿಂದಿನ ಸಾಲು ಉದ್ದವಾಗಿತ್ತು.

ತಟ್ಟೆಯನ್ನು ಎತ್ತಿ ಮಗುಚಿ ನೋಡಿದಳು. ಹಿಂಭಾಗದಲ್ಲಿ 'ಗೌರಮ್ಮ, ಗಾಜನೂರು' ಎಂದು ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದದ್ದಿದೆ. ಬೆರಳಿನಿಂದ ಆ ಚುಕ್ಕಿಗಳನ್ನು ಸವರಿದಳು. ಏನೆಂದು ಕೇಳಿದಳು. ನನ್ನ ತಾಯಿಯ ಹೆಸರು ಎಂದೆ. ಇದು ಮೂರನೇ ತಾಯಿ. ಅವಳು ನಕ್ಕು ತಟ್ಟೆಯನ್ನು ಒಳಗಿಟ್ಟು, ಬಜೆ ಬೇರನ್ನು ಮಾತ್ರ ಮಣ್ಣಿನ ಪದಾರ್ಥವೆಂದು ಉಳಿಸಿಕೊಂಡಳು.

ಡೆವೆಂಟರ್, ಎದುರುಮನೆ

ಡೆವೆಂಟರ್ ಹಳೆಯ ಊರು. ಇಟ್ಟಿಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಕಿಟಕಿಗಳಿಗೆ ಪರದೆ ಇಲ್ಲ. ರಸ್ತೆಯಲ್ಲಿ ನಡೆದರೆ ಯಾರ ಮನೆಯಲ್ಲಿ ಯಾರು ಏನು ಓದುತ್ತಿದ್ದಾರೆ ಎಂಬುದೆಲ್ಲ ಕಾಣುತ್ತದೆ. ನಮ್ಮಲ್ಲಿ ಪರದೆ ಎಳೆದುಕೊಂಡು ಎದುರುಮನೆಯ ಸುದ್ದಿ ತಿಳಿಯಲು ಕಷ್ಟಪಡುತ್ತೇವೆ. ಅವರು ಪರದೆ ತೆಗೆದಿಟ್ಟು ಯಾರೂ ನೋಡುವುದಿಲ್ಲ.

ಚೈತ್ರಳ ಎದುರುಮನೆಯ ಕಿಟಕಿಯಲ್ಲಿ ಮರದ ದೊಡ್ಡ ಕೊಕ್ಕರೆ ನಿಲ್ಲಿಸಿದ್ದರು. ಕೊಕ್ಕಿನಲ್ಲಿ ಬಟ್ಟೆಯ ಗಂಟು, ಗಂಟಿನ ಮೇಲೆ ಏನೋ ಬರಹ. ಹೊಸ ಮಗು ಬಂದಿದೆ ಎಂದು ಸಾರುವ ಪದ್ಧತಿಯಂತೆ. ಬರೆದದ್ದು ಮಗುವಿನ ಹೆಸರು, ಕೆಳಗೆ ತೂಕ ಎಂದು ಚೈತ್ರ ಹೇಳಿದಳು. ತೂಕ. ರಸ್ತೆಯಲ್ಲಿ ಹೋಗುವ ಟಪಾಲಿನವನೂ ಓದುವ ಹಾಗೆ, ಗ್ರಾಂ ಸಮೇತ.

ನಮ್ಮಲ್ಲಿ ಕೂಸನ್ನು ನೋಡಿ ಗುಂಡಗಿದೆ ಎಂದವರ ಕಾಲಡಿಯ ಮಣ್ಣು ತಂದು ನಿವಾಳಿಸಿ ಒಲೆಗೆ ಹಾಕುತ್ತಾರೆ. ತೂಕ ಕೇಳಿದರೆ ಅಜ್ಜಿಯರು ನಾಚಿಕೆಯಿಲ್ಲದೆ ಕಡಿಮೆ ಹೇಳುತ್ತಾರೆ. ಆ ಸಂಜೆ ಫೋನಿನಲ್ಲಿ ಕೊಕ್ಕರೆಯ ವಿಷಯ ಹೇಳಿದಾಗ ಸಾವಿತ್ರಿ, ಆ ಮಗು ಗಟ್ಟಿಯಾಗಿರಲಿ ಪಾಪ ಎಂದು ಅಲ್ಲಿಂದಲೇ ಲಟಿಗೆ ಮುರಿದಳು.

ಮರುದಿನ ಎದುರುಮನೆಯ ಅಜ್ಜ ಯಾನ್ ನಮ್ಮನ್ನು ಕಾಫಿಗೆ ಕರೆದ. ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ಗಟ್ಟಿ ರಸ್ಕಿಗೆ ಬೆಣ್ಣೆ ಬಳಿದು, ಮೇಲೆ ಸಕ್ಕರೆ ಸುತ್ತಿದ ಸೋಂಪಿನ ಗುಲಾಬಿ ಕಾಳು ಉದುರಿಸಿ ಕೊಟ್ಟ. ನಾನು ಕಚ್ಚಿದ ಕೂಡಲೇ ರಸ್ಕು ನಾಲ್ಕು ಚೂರಾಗಿ ಕಾಳುಗಳು ಇಡೀ ಮನೆಯಲ್ಲಿ ಉರುಳಿದವು. ಯಾನ್ ಮತ್ತು ನಾನು ಇಬ್ಬರೂ ಮೊಣಕಾಲೂರಿ ಸೋಫಾದ ಕೆಳಗೆ ಕೈಯಾಡಿಸಿದೆವು. ಸಿಕ್ಕಷ್ಟನ್ನು ನಾನು ತಿನ್ನಲಿಲ್ಲ, ಏಕೆಂದರೆ ನನಗೆ ಸಕ್ಕರೆ ಕಾಯಿಲೆ. ಚೈತ್ರ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಯಾನ್ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದ.

ಆ ನೋಟ ನನಗೆ ಹಳೆಯದು. ನಾನು ಹುಟ್ಟಾ ಸಣಕಲ. ಮೂವತ್ತೈದು ದಾಟಿದ ಹೊಸತರಲ್ಲಿ ಕಾರ್ಖಾನೆಯ ತಪಾಸಣೆಯಲ್ಲಿ ಸಕ್ಕರೆ ಇದೆ ಎಂದಾಗ ಯಾರೂ ನಂಬಲಿಲ್ಲ. ಕ್ವಾರ್ಟರ್ಸಿನ ಪಕ್ಕದ ಮನೆಯ ಮುರುಗೇಶ ಮಾತ್ರ, ಕದ್ದು ಕದ್ದು ಬೆಲ್ಲ ತಿಂದಿರಬೇಕು ಎಂದು ಎಲ್ಲರೆದುರು ತೀರ್ಪು ಕೊಟ್ಟ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಅಂದಿನಿಂದ ಇಂದಿನ ತನಕ ಎಷ್ಟು ಜನ ನನಗೆ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳಿದವರಲ್ಲಿ ಹೊಟ್ಟೆ ಮುಂದೆ ಬಿಟ್ಟುಕೊಂಡು, ಸಕ್ಕರೆ ಇಲ್ಲದೆ ಆರಾಮಾಗಿರುವವರೇ ಹೆಚ್ಚು. ಕೊನೆಕೊನೆಗೆ ನನಗೂ, ಏನೋ ತಪ್ಪು ತಿಂದಿರಬೇಕು ಅನ್ನಿಸಿಬಿಟ್ಟಿತ್ತು.

ಐಸೆಲ್ ನದಿಯ ದಡ

ಊರಿನ ಪಕ್ಕ ಐಸೆಲ್ ಎಂಬ ನದಿ. ತುಂಗೆಗಿಂತ ಅಗಲ, ಆದರೆ ಬಂಡೆ ಇಲ್ಲ, ಸದ್ದಿಲ್ಲ. ನದಿಗೆ ಬುದ್ಧಿ ಹೇಳಿ ಕೂರಿಸಿದ ಹಾಗೆ ಹರಿಯುತ್ತದೆ. ದಾಟಲು ಒಂದು ಪುಟ್ಟ ದೋಣಿ; ಸೈಕಲ್ ಸಮೇತ ಹತ್ತುತ್ತಾರೆ. ಅಲ್ಲಿ ಬಸುರಿಯರೂ ಸೈಕಲ್ ತುಳಿಯುತ್ತಾರೆ. ಚೈತ್ರಳೂ ಮೊನ್ನೆಮೊನ್ನೆಯವರೆಗೆ ತುಳಿದಳಂತೆ. ಇದನ್ನು ಗೋಪಾಳಕ್ಕೆ ವರದಿ ಮಾಡಬಾರದೆಂದು ಒಪ್ಪಂದವಾಯಿತು.

ದಡದಲ್ಲಿ ಕರಿದ ಮೀನಿನ ಗಾಡಿ ನಿಂತಿತ್ತು. ಚೈತ್ರ ಅದರ ಮುಂದೆ ಹೆಜ್ಜೆ ನಿಧಾನ ಮಾಡಿದಳು, ನಾನೂ ಮಾಡಿದೆ, ಇಬ್ಬರೂ ಮುಂದೆ ಹೋದೆವು. ಸ್ವಲ್ಪ ದೂರ ಹೋಗಿ ಬೆಂಚಿನ ಮೇಲೆ ಕೂತಾಗ ಅವಳ ಮುಖ ಬಾಡಿತ್ತು. ಹಸಿವಾಗಿದೆಯಾ ಎಂದು ಕೇಳಿದೆ. ಇಲ್ಲ ಎಂದಳು. ತಟ್ಟೆ ನನ್ನ ಜೊತೆ ಬರುವುದಕ್ಕೂ ಮೊದಲಿಂದಲೇ ಅವಳು ಅಮ್ಮನ ಫೋನಿನ ಆಜ್ಞೆಯಂತೆ ಅರ್ಧ ಊಟ ಮಾಡುತ್ತಿದ್ದಳು. ಜೊತೆಗೆ ಓದಿದ ಗೆಳತಿಯೊಬ್ಬಳಿಗೆ ಶಿವಮೊಗ್ಗದಲ್ಲಿ ಸಿಸೇರಿಯನ್ ಆಗಿ ಹೊಲಿಗೆ ಕೀವು ತುಂಬಿ ನರಳಿದ್ದನ್ನು ನೋಡಿದ್ದಳು. ಅವಳಿಗೆ ಆ ಚಾಕುವಿನ ಭಯ. ಪ್ರಶಾಂತ ಬೆಳಗ್ಗೆ ಹೋದರೆ ಸಂಜೆ ಬರುವವನು. ಅವನಿಗೆ ಇದೆಲ್ಲ ಗೊತ್ತಿರಲಿಲ್ಲ.

"ಅಪ್ಪ, ಒಂದು ಒಳ್ಳೇ ಸುದ್ದಿ" ಎಂದಳು. "ಹೋದ ವಾರದ ಸ್ಕ್ಯಾನಲ್ಲಿ ಮಗು ಸಣ್ಣದಿದೆ ಅಂದ್ರು. ಚಾರ್ಟಲ್ಲಿ ಮಗು ಬೆಳೆಯೋ ಗೆರೆ ಕೆಳಗಿಳಿದಿದೆಯಂತೆ. ಮನೆಗೇ ಬಂದು ನೋಡ್ತೀನಿ ಅಂದಿದಾರೆ ಸೂಲಗಿತ್ತಿ."

ನಾನೂ ಅದನ್ನು ಒಳ್ಳೆಯ ಸುದ್ದಿ ಎಂದೇ ಸ್ವೀಕರಿಸಿದೆ. ಅಲ್ಲಿಂದಲೇ ಸಾವಿತ್ರಿಗೆ ಫೋನ್ ಮಾಡಿದೆವು. ಅವಳು ದೇವರಿಗೆ ತುಪ್ಪದ ದೀಪ ಹಚ್ಚುತ್ತೇನೆ ಎಂದಳು. ನಾವು ಮೂವರೂ ನಗುನಗುತ್ತ ಮಾತಾಡಿದ್ದು ನನಗೆ ಈಗಲೂ ನೆನಪಿದೆ. ಆಮೇಲೆ ಅಪ್ಪ ಮಗಳು ಬರಿಹೊಟ್ಟೆಯಲ್ಲಿ ಮನೆಗೆ ನಡೆದೆವು.

ಅಡುಗೆಮನೆಯ ಮೇಜು

ಆ ದೇಶದಲ್ಲಿ ಹೆರಿಗೆ ಇನ್ನೂ ಸೂಲಗಿತ್ತಿಯರ ಕೈಯಲ್ಲಿದೆ. ನಮ್ಮ ಹಳೆಯ ಸೂಲಗಿತ್ತಿಯರಂತಲ್ಲ, ಕಾಲೇಜಿನಲ್ಲಿ ಓದಿ ಬಂದವರು. ತೊಂದರೆ ಇಲ್ಲದಿದ್ದರೆ ಮನೆಯಲ್ಲೇ ಹೆರಿಗೆ ಮಾಡಿಸುತ್ತಾರೆ. ಚೈತ್ರಳ ಸೂಲಗಿತ್ತಿ ಮರೈಕೆ, ನನ್ನ ವಯಸ್ಸಿಗೆ ಹತ್ತಿರದವಳು, ಮಳೆಯಲ್ಲಿ ಸೈಕಲ್ ತುಳಿದು ಬಂದಳು. ಕೋಟು ಕೊಡವಿ ಮೊದಲು ಮಾಡಿದ ಕೆಲಸ ಮಗಳ ಮಂಚದ ಎತ್ತರ ಅಳೆದದ್ದು. ಮಂಚ ತಗ್ಗಾಯಿತು, ಕಾಲುಗಳ ಕೆಳಗೆ ಮರದ ದಿಮ್ಮಿ ಇಡಬೇಕು ಎಂದಳು. ನೋಡಿಕೊಳ್ಳಲು ಬರುವವರ ಸೊಂಟ ನೋಯಬಾರದಂತೆ. ನಮ್ಮಲ್ಲಿ ಬಾಣಂತಿಗೆ ಎಣ್ಣೆ ಹಚ್ಚುವ ಹೆಂಗಸಿನ ಸೊಂಟದ ಬಗ್ಗೆ ಯಾರೂ ಯೋಚಿಸಿದ್ದನ್ನು ನಾನು ಕಂಡಿಲ್ಲ.

ಅದು ಊಟದ ಹೊತ್ತು. ಮೇಜಿನ ಮೇಲೆ ಚೈತ್ರಳ ಊಟ ಇತ್ತು: ಆ ತಟ್ಟೆಯಲ್ಲಿ ಒಂದು ಹಿಡಿ ಅನ್ನ, ಸ್ವಲ್ಪ ಸಾರು, ಎರಡು ಚೂರು ಬೀನ್ಸ್. ನಾನೇ ಬಡಿಸಿದ್ದು. ಮರೈಕೆ ತಟ್ಟೆಯನ್ನು ನೋಡಿ ಸಂತೋಷಪಟ್ಟಳು. ಮಗುವಿಗೆ ಈಗಲೇ ತಟ್ಟೆ ತಂದಿದ್ದೀರಾ, ಎಷ್ಟು ಮುದ್ದಾಗಿದೆ ಎಂದಳು.

ಚೈತ್ರ ನಕ್ಕಳಷ್ಟೇ. ನನಗೆ ಸುಮ್ಮನಿರಲು ಬರುವುದಿಲ್ಲ. ಪದ್ಧತಿಯನ್ನೆಲ್ಲ ಬಿಡಿಸಿ ಹೇಳಿದೆ, ಹೆಮ್ಮೆಯಿಂದಲೇ. ಸಿಗದ ಇಂಗ್ಲಿಷನ್ನು ಚೈತ್ರ ಕೊಟ್ಟಳು. ಮರೈಕೆ ಕೇಳಿ ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ಚೈತ್ರಳ ಪಕ್ಕ ಕೂತಳು. ಗೆರೆ ಕೆಳಗಿಳಿದದ್ದು ಸಂತೋಷದ ವಿಷಯವಲ್ಲ, ಅದಕ್ಕಾಗಿಯೇ ತಾನು ಬಂದದ್ದು ಎಂದಳು. ಕೊನೆಯ ವಾರಗಳಲ್ಲೇ ಮಗು ಮೈತುಂಬಿಕೊಳ್ಳುವುದು. ಸೊರಗಿದ ಮಗುವಿಗೆ ಹೆರಿಗೆಯ ನೋವು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ಆಗ ಆಸ್ಪತ್ರೆ, ಚಾಕು ಎರಡೂ ಹತ್ತಿರವಾಗುತ್ತವೆ. ಹಸಿದಿದ್ದರೆ ಹೆರಿಗೆ ಸಲೀಸು ಎಂಬುದಕ್ಕೆ ತಾನು ಯಾವ ಸಾಕ್ಷಿಯನ್ನೂ ಕಂಡಿಲ್ಲ ಎಂದಳು.

ಚೈತ್ರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು.

ಆಮೇಲೆ ಮರೈಕೆ, ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಕೇಳಿದಳು. ನಾನು ಶಾಲೆಯ ಹುಡುಗನ ಹಾಗೆ ಕೈ ಎತ್ತಿದೆ. ಎಷ್ಟು ವರ್ಷಕ್ಕೆ ಬಂತು, ಆಗ ದಪ್ಪ ಇದ್ದಿರಾ ಎಂದಳು. ಒಂದು ದಿನಕ್ಕೂ ಇರಲಿಲ್ಲ ಎಂದೆ. ಹುಟ್ಟಿದಾಗ ನಿಮ್ಮ ತೂಕ ಎಷ್ಟಿತ್ತು ಎಂದಳು.

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಜೀವಮಾನವಿಡೀ ಬೇರೆಯವರ ಅದಿರು, ಕಟ್ಟಿಗೆ, ಕಲ್ಲಿದ್ದಲು ತೂಗಿದವನಿಗೆ ತನ್ನ ತೂಕ ಗೊತ್ತಿರಲಿಲ್ಲ. ಗಾಜನೂರಿನ ಮನೆಯಲ್ಲಿ ಹುಟ್ಟಿದವನು. ತಕ್ಕಡಿ ಇದ್ದದ್ದು ಅಡಿಕೆ ಮಂಡಿಯಲ್ಲಿ ಮಾತ್ರ. ಮೊರದಲ್ಲಿ ಮಲಗಿಸಿದರೆ ಮೊರವೇ ತುಂಬಲಿಲ್ಲ, ಅಂಗೈಯಲ್ಲಿ ಹಿಡಿಯಬಹುದಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಅದನ್ನೇ ಹೇಳಿದೆ, ನನ್ನ ತೂಗುವ ಕಸುಬಿನ ವಿಷಯವನ್ನೂ ಸೇರಿಸಿ.

ಮರೈಕೆ ನಿಧಾನವಾಗಿ ಹೇಳಿದ್ದು ಇಷ್ಟು. ಗರ್ಭದಲ್ಲಿ ಸಾಕಷ್ಟು ಸಿಗದ ಮಗು ಇದ್ದುದರಲ್ಲೇ ಮೈ ಕಟ್ಟಿಕೊಳ್ಳುತ್ತದೆ. ಮೆದುಳಿಗೆ ಮೊದಲು ಕೊಟ್ಟು ಉಳಿದ ಅಂಗಗಳಲ್ಲಿ ಕೈ ಬಿಗಿ ಹಿಡಿಯುತ್ತದೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಗ್ರಂಥಿಗೂ, ಆ ಸಕ್ಕರೆಯನ್ನು ಉರಿಸುವ ಮಾಂಸಖಂಡಕ್ಕೂ ಸಿಗುವ ಪಾಲು ಕಡಿಮೆ. ಮುಂದೆ ಅದೇ ಮೈಗೆ ದಿನಕ್ಕೆ ಮೂರು ಹೊತ್ತು ಅನ್ನ ಸಿಕ್ಕಾಗ ಅದನ್ನು ಸಂಭಾಳಿಸಲು ಬರುವುದಿಲ್ಲ. ಹಾಗಾಗಿ ಸಣ್ಣದಾಗಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು, ನೋಡಲು ಸಣಕಲಾಗಿದ್ದರೂ. ಸಾಧ್ಯತೆ ಅಷ್ಟೇ, ಹಣೆಬರಹವಲ್ಲ ಎಂದಳು. ಸಣ್ಣದಾಗಿ ಹುಟ್ಟಿದ ಎಷ್ಟೋ ಜನಕ್ಕೆ ಬರುವುದೇ ಇಲ್ಲ. ತೀರಾ ದಪ್ಪ ಹುಟ್ಟಿದವರಿಗೂ ಬರಬಹುದು. ವಂಶ, ತಿನ್ನುವುದು, ನಡೆಯುವುದು ಎಲ್ಲ ಸೇರುತ್ತವೆ. ಹಾಗೆಂದು ಚೈತ್ರ ಇಬ್ಬರ ಊಟ ಮಾಡಬೇಕಾಗಿಲ್ಲ. ಹಸಿವಾದಷ್ಟು ಉಂಡರೆ ಸಾಕು.

ನನ್ನ ಕಾಯಿಲೆ ನಾನು ಹುಟ್ಟುವ ಮೊದಲೇ ಹೊರಟಿರಬಹುದು ಎಂಬುದು ತಲೆಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಬಂದದ್ದು ಸಮಾಧಾನ. ಮುರುಗೇಶ ಈಗ ಎಲ್ಲಿದ್ದಾನೋ, ಹುಡುಕಿ ಹೋಗಿ ಹೇಳಬೇಕು ಅನ್ನಿಸಿತು. ಆಮೇಲೆ ಅಮ್ಮ ನೆನಪಾದಳು. ಬೇರೆಯವರ ತೋಟದಲ್ಲಿ ಅಡಿಕೆ ಸುಲಿಯುತ್ತ, ತಲೆಯ ಮೇಲೆ ಹೊರೆ ಹೊರುತ್ತ, ಹೆರಿಗೆಯ ಹಿಂದಿನ ದಿನದವರೆಗೆ ದುಡಿದವಳು. ನನ್ನನ್ನು ಹೊತ್ತಾಗ ಅವಳಿಗೆ ಸಣ್ಣ ತಟ್ಟೆಯ ಅಗತ್ಯವೇ ಇರಲಿಲ್ಲ. ದೊಡ್ಡ ತಟ್ಟೆಯಲ್ಲೂ ಅಷ್ಟೇ ಇರುತ್ತಿತ್ತು. ಸಲೀಸಾಗಿ ಹೆತ್ತೆ ಎಂಬುದೊಂದೇ ಅವಳ ಹೆಮ್ಮೆ, ಅದನ್ನೇ ಸೊಸೆಗೂ ಒಳ್ಳೆಯದೆಂದು ಕೊಟ್ಟಳು. ಅಮ್ಮನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಳು ಬಂತು. ಪರದೇಶದ ಹೆಂಗಸಿನ ಮುಂದೆ ಅಳಬಾರದೆಂದು ಎದ್ದು ಹೋಗಿ ಕಾಫಿ ಮಾಡಿದೆ.

ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬಿ ಮುಂದಿಟ್ಟರೆ ಮರೈಕೆ ಒಂದು ತೆಗೆದುಕೊಂಡು ಮುಚ್ಚಳ ಹಾಕಿದಳು. ಅದು ಅವರ ಪದ್ಧತಿ. ಒಂದು ಲೋಟಕ್ಕೆ ಒಂದು ಬಿಸ್ಕತ್ತು. ಯಾನ್ ಮನೆಯಲ್ಲೂ ಹಾಗೇ ಆಗಿತ್ತು, ಜಿಪುಣರು ಎಂದುಕೊಂಡಿದ್ದೆ. ಆದರೆ ಮುಚ್ಚಳ ಹಾಕುವ ಮೊದಲು ಅವಳು ಚೈತ್ರಳ ಕಡೆಗೆ ಮೂರು ಸರಿಸಿದಳು.

ಎರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್. ಗೆರೆ ಏರದಿದ್ದರೆ ಮನೆ ಹೆರಿಗೆ ಇಲ್ಲ, ಆಸ್ಪತ್ರೆಗೆ ಸೇರಿಸಿ ಬೇಗ ಹೆರಿಗೆ ಮಾಡಿಸಬೇಕಾದೀತು. ಇಷ್ಟು ಹೇಳಿ ಕೋಟು ಹಾಕಿಕೊಂಡು ಹೋದಳು.

ಗೋಪಾಳ, ಫೋನಿನಲ್ಲಿ

ಚೈತ್ರ ಮಾತ್ರ ಉಣ್ಣಲು ಒಪ್ಪಲಿಲ್ಲ. ಮರೈಕೆ ಹೇಳಿದ್ದು ಅವಳಿಗೆ ಅರ್ಥವಾಗಿತ್ತು, ಭಯ ಹೋಗಿರಲಿಲ್ಲ. ಆ ದಿನ ದೊಡ್ಡ ತಟ್ಟೆಯಲ್ಲಿ ಬಡಿಸಿದರೂ ಅರ್ಧಕ್ಕೆ ಕೈ ತೊಳೆದಳು. ಪ್ರಶಾಂತ ಬೇಡಿಕೊಂಡ, ಗದರಿದ. ಅಮ್ಮ ಏನಂತಾಳೆ ಎಂದು ಅವನನ್ನೇ ಕೇಳಿದಳು. ಪ್ರಪಂಚದ ಯಾವ ಮೂಲೆಗೆ ಹೋದರೂ ಬಸುರಿಗೆ ಅಮ್ಮನ ಮಾತೇ ಮಾತು. ಅಂದ ಮೇಲೆ ಅಮ್ಮನಿಗೇ ಹೇಳಬೇಕು, ಹೇಳುವವನು ನಾನೇ.

ಫೋನಿನಲ್ಲಿ ಸಾವಿತ್ರಿಯ ಮುಖ, ಪಕ್ಕದಲ್ಲಿ ಸುಧಾಳ ಅರ್ಧ ಮುಖ. ಮರೈಕೆ ಹೇಳಿದ್ದನ್ನೆಲ್ಲ ಕ್ರಮವಾಗಿ ಹೇಳಿದೆ. ನನ್ನ ಸಕ್ಕರೆಯ ಕತೆಯನ್ನೂ ಹೇಳಿದೆ. ಅದನ್ನು ಹೇಳಬಾರದಿತ್ತೇನೋ. ಸಾವಿತ್ರಿ ತಕ್ಷಣ ಇನ್ನೊಂದು ಕಡೆಯಿಂದ ಲೆಕ್ಕ ಹಾಕಿದಳು.

"ಚೈತ್ರನ್ನ ನಾನು ಎರಡೂ ಕಾಲು ಕೆಜಿಗೆ ಹೆತ್ತೆ" ಎಂದಳು. "ಆಸ್ಪತ್ರೆಯೋರೆಲ್ಲ ಪುಣ್ಯವಂತೆ, ಕೂಗದೆ ಹೆತ್ತೆ ಅಂದ್ರು. ಹಂಗಾದ್ರೆ ಅವ್ಳಿಗೂ ನಾನೇ ಸಕ್ಕರೆ ಕೊಟ್ಟು ಕಳ್ಸಿದೀನಾ?"

ಚೈತ್ರಳ ಪರೀಕ್ಷೆಯಲ್ಲಿ ಸಕ್ಕರೆ ಇಲ್ಲ ಎಂದೆ. ಬರಲೇಬೇಕೆಂದಿಲ್ಲ, ಸಾಧ್ಯತೆ ಅಷ್ಟೇ ಎಂದೆ. ನಿನಗೆ ಯಾರೂ ಹೇಳಿರಲಿಲ್ಲ, ನನ್ನಮ್ಮನಿಗೂ ಯಾರೂ ಹೇಳಿರಲಿಲ್ಲ ಎಂದೆ. ಅವಳು ಮುಖವನ್ನು ಫೋನಿನಿಂದ ಆಚೆ ತಿರುಗಿಸಿಕೊಂಡಳು. ಗೋಡೆಯ ಕ್ಯಾಲೆಂಡರ್ ಮಾತ್ರ ಕಾಣುತ್ತಿತ್ತು. ಸುಧಾ ಆ ಕಡೆಯಿಂದ, ಆ ಬಿಳಿ ಹೆಂಗಸಿಗೇನು ಗೊತ್ತು ನಮ್ಮ ಮೈ ಎಂದಳು. ನನಗೆ ಸಿಟ್ಟು ಬಂತು. ಆದರೆ ಊರಿಗೆ ಹೋದ ಮೇಲೆ ಸುಧಾಳ ಕೈಯಡುಗೆಯನ್ನೇ ಉಣ್ಣಬೇಕಲ್ಲ ಎಂದು ನುಂಗಿಕೊಂಡೆ.

ಆಗ ನನಗೆ ಸಕ್ರೆಬೈಲು ನೆನಪಾಯಿತು. ಚೈತ್ರ ಚಿಕ್ಕವಳಿದ್ದಾಗ ಆನೆ ಬಿಡಾರ ನೋಡಲು ಹೋಗಿದ್ದೆವು. ಆನೆಗಳಿಗೆಲ್ಲ ಹುಲ್ಲಿನಲ್ಲಿ ಭತ್ತ, ಬೆಲ್ಲ ಕಟ್ಟಿ ತಿನ್ನಿಸುತ್ತಿದ್ದರು. ಒಂದು ಹೆಣ್ಣಾನೆಗೆ ಮಾತ್ರ ಹೆಚ್ಚು ಕಟ್ಟುಗಳು, ಮೇಲೊಂದು ತೆಂಗಿನಕಾಯಿ. ಯಾಕೆಂದು ಕೇಳಿದವಳು ಸಾವಿತ್ರಿಯೇ. ಬಸುರಿ ಅಮ್ಮಾ, ಎರಡು ಜೀವ ಅಲ್ವಾ ಎಂದಿದ್ದ ಮಾವುತ. ಅವಳು ತನ್ನ ಬುತ್ತಿಯಲ್ಲಿದ್ದ ಬಾಳೆಹಣ್ಣನ್ನೂ ಅವನ ಕೈಗೆ ಕೊಟ್ಟಿದ್ದಳು.

"ಆವತ್ತು ಆ ಆನೆಗೆ ಯಾರೂ ಸಣ್ಣ ತಟ್ಟೆ ಕೊಡ್ಲಿಲ್ಲವಲ್ಲೇ ಮಾರಾಯ್ತಿ" ಎಂದೆ.

ಆಮೇಲೆ ಅವಳ ಮುಖ ಬಂತು. ಕಣ್ಣು ಒರೆಸಿಕೊಂಡಿದ್ದಳು.

"ಆನೆಗೆ ಅತ್ತೆ ಇರ್ಲಿಲ್ಲ ಬಿಡಿ" ಎಂದಳು.

ಇಷ್ಟು ವರ್ಷದ ಸಂಸಾರದಲ್ಲಿ ನನ್ನಮ್ಮನ ಮೇಲೆ ಅವಳು ಹೇಳಿದ ದೂರು ಅದೊಂದೇ. ಆ ತಿಂಗಳುಗಳಲ್ಲಿ ಎಷ್ಟು ಹಸಿದಿದ್ದಳೆಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಚೈತ್ರಂಗೆ ಫೋನ್ ಕೊಡಿ ಎಂದಳು, ಕೊಟ್ಟೆ.

"ಉಣ್ಣು ಮಗ" ಎಂದದ್ದು ನನಗೂ ಕೇಳಿಸಿತು. "ದೊಡ್ಡ ತಟ್ಟೇಲಿ ಉಣ್ಣು. ನಾನು ಹೇಳಿದ್ದು ತಪ್ಪು. ನೋಡ್ತಾ ಕೂತಿರ್ತೀನಿ, ಇಲ್ಲೇ ನನ್ನ ಮುಂದೇನೇ ಉಣ್ಣು."

ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದೆವು. ಚೈತ್ರ ಉಂಡಳು. ಎರಡನೇ ಸಲ ಬಡಿಸಿದಾಗಲೂ ಸಾವಿತ್ರಿ ನೋಡುತ್ತಲೇ ಇದ್ದಳು.

ಶನಿವಾರದ ಸಂತೆ

ಊರಿನ ನಡುವಿನ ಬಯಲಿನಲ್ಲಿ ಶನಿವಾರ ಸಂತೆ ಸೇರುತ್ತದೆ. ಚಕ್ರದಷ್ಟು ದೊಡ್ಡ ಚೀಸುಗಳನ್ನು ತಂತಿಯಿಂದ ಕೊಯ್ಯುತ್ತಾರೆ. ಕೊಳ್ಳುವ ಮೊದಲು ರುಚಿ ನೋಡಲು ಒಂದು ಚೂರು ಕೊಡುತ್ತಾರೆ. ಚೈತ್ರ ಮೂರು ಅಂಗಡಿಯಲ್ಲಿ ರುಚಿ ನೋಡಿ ನಾಲ್ಕನೆಯದರಲ್ಲಿ ಕೊಂಡಳು. ಇದರಲ್ಲಿ ಅವಳು ಪೂರ್ತಿ ಶಿವಮೊಗ್ಗದವಳು. ಮನೆಯಲ್ಲಿ ರಾಗಿ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಮೊಸರು. ಆ ನದಿ ದಡದ ಮೀನನ್ನೂ ಒಂದು ದಿನ ತಿಂದೆವು. ನಾನು ಮುದ್ದೆ ತಿರುವುವಾಗ ಕೋಲಿಲ್ಲದೆ ಪ್ರಶಾಂತನ ಮನೆಯ ಮರದ ಸೌಟು ಮುರಿಯಿತು. ಸಂಜೆ ಅಪ್ಪ ಮಗಳು ನದಿ ದಡದಲ್ಲಿ ನಡೆಯುತ್ತಿದ್ದೆವು, ಅದನ್ನೂ ಮರೈಕೆಯೇ ಹೇಳಿದ್ದಳು. ಆ ದಿನಗಳು ಸುಖವಾಗಿದ್ದವು, ಹೆದರಿಕೆಯೂ ಇತ್ತು. ಅನ್ನ ಬಡಿಸುವಾಗಲೆಲ್ಲ ತಡವಾಯಿತೇನೋ ಎಂದು ಇನ್ನೊಂದು ಸೌಟು ಹಾಕುತ್ತಿದ್ದೆ.

ಸ್ಕ್ಯಾನಿನ ದಿನ ನಾನು ಹೊರಗೆ ಕೂತಿದ್ದೆ. ಚೈತ್ರ ಬಾಗಿಲು ತೆರೆದು ಹೆಬ್ಬೆರಳು ಮೇಲೆತ್ತಿ ತೋರಿಸಿದಳು. ಗೆರೆ ಏರಿತ್ತು. ಬಹಳವಲ್ಲ, ಆದರೆ ಏರಿತ್ತು. ಮನೆಗೆ ಬಂದು ನಾನೂ ಯಾನೂ ಸೇರಿ ಮಂಚದ ಕಾಲುಗಳ ಕೆಳಗೆ ದಿಮ್ಮಿ ಇಟ್ಟೆವು.

ತೂಕ

ದಿನ ತುಂಬಿ ಹೆರಿಗೆ ಒಂದು ಮಧ್ಯಾಹ್ನ ಆಯಿತು. ಪ್ರಶಾಂತ ಒಳಗೆ, ನಾನು ಹೊರಗೆ. ರೂಢಿಯಂತೆ ಒಂದು ದೊಡ್ಡ ಪಾತ್ರೆಯಲ್ಲಿ ಬಿಸಿನೀರು ಕಾಯಿಸಿದೆ. ಯಾರೂ ಕೇಳಲಿಲ್ಲ. ಮತ್ತೆ ಕಾಯಿಸಿದೆ. ಚೈತ್ರ ಕೂಗಿದಾಗಲೆಲ್ಲ ಅಮ್ಮಾ ಎಂದೇ ಕೂಗಿದಳು. ಕೊನೆಗೆ ಬೇರೊಂದು ಧ್ವನಿ ಕೇಳಿಸಿತು, ತೆಳ್ಳಗೆ, ಸಿಟ್ಟಿನಲ್ಲಿ.

ಮರೈಕೆ ನನ್ನನ್ನು ಒಳಗೆ ಕರೆದಳು. ಅವಳ ತಕ್ಕಡಿ ಎಂದರೆ ಒಂದು ಸ್ಪ್ರಿಂಗು, ಅದರ ಕೊಕ್ಕೆಗೆ ಬಟ್ಟೆಯ ಜೋಳಿಗೆ. ಹೆಣ್ಣುಮಗುವನ್ನು ಜೋಳಿಗೆಯಲ್ಲಿಟ್ಟು ಮೇಲಿನ ಹಿಡಿಯನ್ನು ನನ್ನ ಕೈಗೆ ಕೊಟ್ಟಳು. ನಿಮ್ಮ ಕಸುಬು, ನೀವೇ ತೂಗಿ ಎಂದಳು. ಮುಳ್ಳು ಅಲುಗಾಡಿ ನಿಲ್ಲುವ ತನಕ ಕಾದೆ. ಎರಡು ಕೆಜಿ ಎಂಟುನೂರ ನಲವತ್ತು. ಚೈತ್ರ ಮಂಚದ ಮೇಲಿಂದ ಎಷ್ಟಪ್ಪಾ ಎಂದಳು, ಹೇಳಿದೆ. ಚಾಕು ಬರಲಿಲ್ಲ ಅಲ್ವಾ ಎಂದು ನಕ್ಕಳು.

ಹೊರಗೆ ಬಂದು ಗೋಪಾಳಕ್ಕೆ ಫೋನ್ ಮಾಡಿದೆ. ತಾಯಿ ಮಗು ಚೆನ್ನಾಗಿದ್ದಾರೆ ಎಂದೆ. ಸಾವಿತ್ರಿ ಕೇಳಿದ ಮೊದಲ ಪ್ರಶ್ನೆ, ತೂಕ ಎಷ್ಟು. ನಮ್ಮ ಮನೆಯ ಪದ್ಧತಿ ನೆನಪಾಗಿ ದನಿ ತಗ್ಗಿಸಿ, ಬಾಯಿಯನ್ನು ಫೋನಿಗೆ ಹತ್ತಿರ ಹಿಡಿದು ಹೇಳಿದೆ.

ಆ ಕಡೆ ಅಕ್ಕಪಕ್ಕದ ಮನೆಯವರು ಸೇರಿದ್ದರೆಂದು ಕಾಣುತ್ತದೆ, ಮಾತಿನ ಸದ್ದಿತ್ತು. ಹೊರಗಿನವರ ಮುಂದೆ ತೂಕ ಆಡಬಾರದು, ದೃಷ್ಟಿಯಾಗುತ್ತದೆ ಎಂದು ಸುಧಾ ಎಚ್ಚರಿಸಿದ್ದು ಕೇಳಿಸಿತು. ಸಾವಿತ್ರಿ ಫೋನನ್ನು ಸ್ಪೀಕರಿಗೆ ಹಾಕಿದಳು.

"ಕೇಳಿಸ್ಲಿಲ್ಲ ಕಣ್ರೀ" ಎಂದಳು. "ಜೋರಾಗಿ ಹೇಳಿ. ಎಲ್ರಿಗೂ ಕೇಳ್ಲಿ."

ವೇಬ್ರಿಜ್ ಮೇಲೆ ಲಾರಿಯವರಿಗೆ ಕೂಗುತ್ತಿದ್ದ ದನಿಯಲ್ಲೇ ಕೂಗಿದೆ. ಎದುರುಮನೆಯ ಯಾನ್ ಕಿಟಕಿಗೆ ಬಂದು ನೋಡಿದ.